ಅಂಕಪಟ್ಟಿಗೆ ಸಿಗದ ವರದಾನ



ಕಳೆದ ತಪಸ್ಸುಕಾಲದ ಒಂದು ಭಾನುವಾರ ಸಂಜೆ ಮೈಸೂರಿನ ದಟ್ಟಗಳ್ಳಿಯ ಮನೆಯೊಂದರಲ್ಲಿ ಕಿರು ಕ್ರೈಸ್ತ ಸಮುದಾಯದ ಪ್ರಾರ್ಥನಾಕೂಟವಿತ್ತು. ದಟ್ಟಗಳ್ಳಿಯನ್ನು ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಒಂದು ಕಾಲದ ಹಳ್ಳಿ. ಈಗ ರಿಂಗ್ ರಸ್ತೆಯ ಮಗ್ಗುಲಲ್ಲಿ ಹಂತ ಹಂತವಾಗಿ ಹರಡಿಕೊಂಡಿರುವ ಬಡಾವಣೆ. ಕೊಳ್ಳೇಗಾಲದ ಕಡೆಯವರು, ಕೊಡಗಿನವರು, ಮಂಗಳೂರಿನವರು ನಿವೇಶನ ಕೊಂಡು, ಸಾಲ ಮಾಡಿ ಮನೆ ಕಟ್ಟಿಕೊಂಡಿದ್ದಾರೆ. ಒಂದೇ ಬೀದಿಯಲ್ಲಿ ನಾಲ್ಕು ಮಾತೃಭಾಷೆಗಳು. ಬೆಳಿಗ್ಗೆ ಎಂಟೂವರೆಗೆ ಬಾಗಿಲಿಗೆ ಬೀಗ, ಸಂಜೆ ಏಳಕ್ಕೆ ತೆಗೆಯುವುದು. ಅಂತಹ ಕಡೆ ಹದಿನಾಲ್ಕು ಮಂದಿ ಒಂದು ಜಮಖಾನದ ಮೇಲೆ ಕುಳಿತು ಜಪಸರ ಹೇಳುತ್ತಾರೆಂಬುದೇ ನನಗೆ ಸಂತೋಷದ ಸಂಗತಿ.

ಅಂದು ಪ್ರಾರ್ಥನೆಯಾದ ಮೇಲೆ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ಉತ್ಸಾಹಿ ಯುವಕ ಎಲ್ಲರಿಗೂ ಮುದ್ರಿತ ಹಾಳೆಗಳನ್ನು ಹಂಚಿದ. 'ನಿಮ್ಮ ವರದಾನ ಯಾವುದೆಂದು ತಿಳಿಯಿರಿ' ಎಂದು ತಲೆಬರಹ. ಕೆಳಗೆ ಹತ್ತಾರು ವಾಕ್ಯಗಳು. ನಾಲ್ಕು ಜನರ ಮುಂದೆ ಮಾತನಾಡುವುದು ನನಗೆ ಸುಲಭ, ಇತರರು ನನ್ನ ಸಲಹೆ ಕೇಳುತ್ತಾರೆ, ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ. ಕೊನೆಗೆ ಕೂಡಿಸಿದರೆ ಬೋಧನೆಯೋ, ನಾಯಕತ್ವವೋ, ಗುಣಪಡಿಸುವಿಕೆಯೋ ಗೊತ್ತಾಗುತ್ತದಂತೆ. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನದಂತೆ ಮನೆಯಲ್ಲಿ ಗದ್ದಲವೆದ್ದಿತು. ನಿವೃತ್ತ ಬ್ಯಾಂಕ್ ಮ್ಯಾನೇಜರರಿಗೆ ನಾಯಕತ್ವ ಬಂದಿತು. ಶಾಲಾ ಶಿಕ್ಷಕಿಗೆ ಬೋಧನೆ ಬಂದಿತು. ಇದನ್ನು ತಿಳಿಯಲು ಹಾಳೆ ಬೇಕಿತ್ತೇ ಎಂದು ನಾನು ಒಳಗೇ ನಕ್ಕೆ.

ಮೂಲೆಯಲ್ಲಿ ಕುಳಿತಿದ್ದ, ಅರವತ್ತು ದಾಟಿದ ಒಬ್ಬ ತಾಯಿ ತಮ್ಮ ಹಾಳೆಯನ್ನು ಮಡಿಸಿಟ್ಟುಕೊಂಡರು. ಎಷ್ಟು ಬಂತಮ್ಮ ಎಂದು ಕೇಳಿದೆ. "ಎಲ್ಲದರಲ್ಲೂ ಕಡಿಮೇನೇ ಫಾದರ್. ದೇವರು ನನಗೇನೂ ಕೊಟ್ಟ ಹಾಗೆ ಕಾಣ್ಲಿಲ್ಲ," ಎಂದು ನಗುನಗುತ್ತಲೇ ಹೇಳಿ, ಕಾಫಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು.

ಈ ತಾಯಿ ನಾಲ್ಕು ವರ್ಷಗಳಿಂದ ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ, ಅದೇ ಬೀದಿಯ ಮೂರನೆಯ ಮನೆಗೆ ಹೋಗುತ್ತಾರೆ. ಅಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದ ವೃದ್ಧೆಯೊಬ್ಬರಿದ್ದಾರೆ. ಅವರು ನಮ್ಮ ಧರ್ಮದವರಲ್ಲ, ನೆಂಟರಲ್ಲ. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಈಕೆ ಹೋಗಿ ಅವರ ಮಗ್ಗುಲು ಬದಲಿಸಿ, ಬೆನ್ನು ಒರೆಸಿ, ಹುಣ್ಣಾಗದಂತೆ ಪೌಡರ್ ಹಾಕಿ, ತಲೆ ಬಾಚಿ, ಗಂಜಿ ಕುಡಿಸಿ ಬರುತ್ತಾರೆ. ಮಾತು ತೊದಲುವ ಆ ವೃದ್ಧೆಯ ಅರ್ಧ ಶಬ್ದದಲ್ಲೇ ನೀರೋ, ನೋವೋ, ನಾಚಿಕೆಯೋ ಎಂದು ಈಕೆಗೆ ತಿಳಿಯುತ್ತದೆ. ಹೆತ್ತ ಮಗನಿಗೆ ತಿಳಿಯುವುದಿಲ್ಲ. ಬೀದಿಗೆಲ್ಲ ಇದು ಗೊತ್ತು. ನನಗೂ ಗೊತ್ತಿತ್ತು. ಹಾಳೆಯಲ್ಲಿ ಇದನ್ನು ಕೇಳುವ ಪ್ರಶ್ನೆ ಒಂದೂ ಇರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಅವರು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುವಾಗ ನಾನೂ ಬಾಯಿ ಬಿಡಲಿಲ್ಲ. ಆ ಮೌನದ ಪ್ರಾಯಶ್ಚಿತ್ತವಾಗಿ ಈ ಲೇಖನ.

ಆ ಯುವಕನನ್ನು ನಾನು ದೂರುತ್ತಿಲ್ಲ. ಅವನ ಉದ್ದೇಶ ಒಳ್ಳೆಯದು. ಇಂತಹ ಪ್ರಶ್ನಾವಳಿಗಳು 1970ರ ದಶಕದಲ್ಲಿ ಅಮೆರಿಕದ ಸುವಾರ್ತಾಪರ ಸಭೆಗಳಲ್ಲಿ ಹುಟ್ಟಿ, ಈಗ ಮೊಬೈಲಿನ ಮೂಲಕ ದಟ್ಟಗಳ್ಳಿಗೂ ಬಂದಿವೆ. ಬೇರೆಯವರ ಅಂಗಳದಲ್ಲಿ ಹುಟ್ಟಿದ್ದೆಂಬ ಕಾರಣಕ್ಕೆ ನಾನು ಅದನ್ನು ತಳ್ಳಿಹಾಕುವುದಿಲ್ಲ. ತನ್ನಲ್ಲೇನೋ ಇದೆಯೆಂದು ಎಂದೂ ಯೋಚಿಸದವನಿಗೆ ಅದು ಒಂದು ಕಿಟಕಿ ತೆರೆದರೂ ತೆರೆದೀತು. ನನ್ನ ತಕರಾರು ಅದರ ತಳಪಾಯದ ಬಗ್ಗೆ. ಅದು ನಿಮ್ಮ ಬಗ್ಗೆ ನಿಮ್ಮನ್ನೇ ಕೇಳುತ್ತದೆ. ವಿನಯವಂತ ತನಗೆ ಸೊನ್ನೆ ಕೊಟ್ಟುಕೊಳ್ಳುತ್ತಾನೆ, ಜಂಬಗಾರ ಮೂರು ಕೊಟ್ಟುಕೊಳ್ಳುತ್ತಾನೆ. ಹಾಗಾದರೆ ಅಳತೆಗೆ ಸಿಕ್ಕಿದ್ದು ಪವಿತ್ರಾತ್ಮರ ಕೊಡುಗೆಯೋ, ಕನ್ನಡಿಯಲ್ಲಿ ನಾವು ಕಂಡ ನಮ್ಮ ಮುಖವೋ? ಸಂತ ಪೌಲರು ಕೊರಿಂಥದವರಿಗೆ ಬರೆಯುವಾಗ ಸ್ಪಷ್ಟವಾಗಿ ಹೇಳುವುದು, ಒಬ್ಬೊಬ್ಬರಿಗೆ ಕೊಟ್ಟದ್ದು ಎಲ್ಲರ ಒಳಿತಿಗಾಗಿ ಎಂದು. ಎಂದಮೇಲೆ ವರದಾನ ಇದೆಯೇ ಇಲ್ಲವೇ ಎಂದು ಕೇಳಬೇಕಾದದ್ದು ಕೊಟ್ಟವನನ್ನಲ್ಲ, ಪಡೆದವನನ್ನು. ಆ ಮೂರನೆಯ ಮನೆಯ ವೃದ್ಧೆಯ ಮುಂದೆ ಹಾಳೆ ಇಡಬೇಕಿತ್ತು.

ಇನ್ನೊಂದು ಭಯವೂ ನನಗಿದೆ. ವರದಾನಕ್ಕೆ ಹೆಸರಿನ ಚೀಟಿ ಅಂಟಿಸಿದ ಮರುದಿನವೇ ಅದು ಹುದ್ದೆಯಾಗುತ್ತದೆ. 'ನನ್ನ ವರದಾನ ಬೋಧನೆ, ಕುರ್ಚಿ ಎತ್ತುವುದು ನನ್ನದಲ್ಲ' ಎನ್ನುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾರು ಓದಬೇಕು, ಯಾರು ಗುಡಿಸಬೇಕು ಎಂದು ಹುಟ್ಟುವಾಗಲೇ ಹಣೆಯ ಮೇಲೆ ಬರೆದುಕೊಂಡು ಬಂದ ನಾಡು ನಮ್ಮದು. ದೀಕ್ಷಾಸ್ನಾನದ ನೀರು ಆ ಬರಹವನ್ನು ಪೂರ್ತಿ ಅಳಿಸಿದೆಯೆಂದು ಎದೆ ಮುಟ್ಟಿ ಹೇಳಬಲ್ಲ ಧರ್ಮಕೇಂದ್ರ ಎಷ್ಟಿವೆ? ಇಂತಹ ಮಣ್ಣಿನಲ್ಲಿ ವರದಾನಗಳ ಪಟ್ಟಿಯೊಂದನ್ನು ನೆಟ್ಟರೆ ಹೊಸದೊಂದು ಮೇಲುಕೀಳು ಮೊಳೆಯಲು ತಡವಾಗದು. ಇನ್ನೊಬ್ಬರ ಮೈ ತೊಳೆಯುವ ಕೆಲಸ ಆ ಪಟ್ಟಿಯ ಯಾವ ತುದಿಯಲ್ಲಿರುತ್ತದೆಂದು ನೀವೇ ಊಹಿಸಿ.

ಹಾಳೆಯ ಪಕ್ಷದವರು ಒಂದೆಡೆಯಾದರೆ, ಅದ್ಭುತಗಳ ಪಕ್ಷದವರು ಮತ್ತೊಂದೆಡೆ. ಇವರಿಗೆ ವರದಾನವೆಂದರೆ ಅನ್ಯಭಾಷೆಯಲ್ಲಿ ನುಡಿಯುವುದು, ಕೈಯಿಟ್ಟು ರೋಗ ವಾಸಿಮಾಡುವುದು, ಮುಂದಾಗುವುದನ್ನು ಹೇಳುವುದು. ಇಷ್ಟೇ. 1967ರಲ್ಲಿ ಅಮೆರಿಕದ ಡ್ಯೂಕೇನ್ ವಿಶ್ವವಿದ್ಯಾಲಯದ ಕೆಲವು ವಿದ್ಯಾರ್ಥಿಗಳ ಧ್ಯಾನಕೂಟದಿಂದ ಹೊರಟ ಕಥೋಲಿಕ ನವೀಕರಣ ಚಳುವಳಿಗೆ ನಾನು ವಿರೋಧಿಯಲ್ಲ. ಅದರಿಂದ ಕುಡಿತ ಬಿಟ್ಟವರನ್ನು, ಬೈಬಲ್ ತೆರೆದವರನ್ನು ಬಲ್ಲೆ. ಆದರೆ ತಿಂಗಳಿಗೊಂದು ಧ್ಯಾನಕೇಂದ್ರಕ್ಕೆ ಬಸ್ಸು ಹತ್ತಿ, ಮನೆಯ ಅತ್ತೆಯೊಂದಿಗೆ ಮಾತು ಬಿಟ್ಟಿರುವವರನ್ನೂ ಬಲ್ಲೆ. ಕೊರಿಂಥದ ಕ್ರೈಸ್ತರ ರೋಗವೂ ಇದೇ ಆಗಿತ್ತು. ಪೌಲರು ಅವರಿಗೆ ಕೊಟ್ಟ ಪಟ್ಟಿಯನ್ನು ಮತ್ತೊಮ್ಮೆ ಓದಿ ನೋಡಿ. ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯದ ಕೊನೆಯಲ್ಲಿ ಪರಭಾಷೆಗಳು ಬರುವುದು ಎಲ್ಲಕ್ಕಿಂತ ಹಿಂದೆ. ಅದಕ್ಕೂ ಮುಂಚೆ, ಗುಣಪಡಿಸುವ ವರದ ಪಕ್ಕದಲ್ಲೇ, ಎರಡು ಸಾದಾ ಪದಗಳು ನಿಂತಿವೆ. ಒಂದು, ನೆರವು ನೀಡುವುದು. ಮತ್ತೊಂದು, ಆಡಳಿತ. ಪ್ರಬೋಧನೆಗಳಲ್ಲಿ ಇವೆರಡರ ಬಗ್ಗೆ ನೀವು ಎಂದಾದರೂ ಕೇಳಿದ್ದೀರಾ? ನಾನಂತೂ ಬಹುಕಾಲ ಹೇಳಿರಲಿಲ್ಲ.

ಆಡಳಿತವೆಂದು ನಾವು ಅನುವಾದಿಸುವ ಗ್ರೀಕ್ ಪದದ ಮೂಲಾರ್ಥ ಹಡಗಿನ ಚುಕ್ಕಾಣಿ ಹಿಡಿಯುವುದು. ಹನ್ನೆರಡನೆಯ ಶತಮಾನದಲ್ಲಿ ದೋಣಿ ನಡೆಸುತ್ತಲೇ ಅನುಭಾವಿಯಾದ ಅಂಬಿಗರ ಚೌಡಯ್ಯನನ್ನು ಬಲ್ಲ ಕನ್ನಡಿಗರಿಗೆ ಇದರ ರುಚಿ ಬೇಗ ಹತ್ತಬೇಕು. ಅಕ್ಕಿ ಆಯುವ ಕಾಯಕದ ಆಯ್ದಕ್ಕಿ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡ ಮಾರಯ್ಯನನ್ನು ತಿದ್ದಿದ ಕಥೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಕೈಕೆಲಸಕ್ಕೂ ದೇವರಿಗೂ ನಡುವೆ ಗೋಡೆಯಿಲ್ಲವೆಂದು ನೆರೆಯವರು ಎಂಟು ಶತಮಾನಗಳ ಹಿಂದೆಯೇ ಕಂಡುಕೊಂಡಿರುವಾಗ, ಬಡಗಿಯ ಮನೆಯಲ್ಲಿ ಬೆಳೆದ ಪ್ರಭುವನ್ನು ಆರಾಧಿಸುವ ನಾವು ವರದಾನವನ್ನು ಆಕಾಶದಲ್ಲಿ ಹುಡುಕುತ್ತಿದ್ದೇವೆ.

ನಮ್ಮ ಪವಿತ್ರಗ್ರಂಥವೂ ಇದನ್ನೇ ಹೇಳುತ್ತದೆ. ದೇವರಾತ್ಮದಿಂದ ತುಂಬಿದವನೆಂದು ವಿಮೋಚನಾಕಾಂಡ ಹೆಸರಿಟ್ಟು ಹೇಳುವ ಬೆಚಲೇಲ ಪ್ರವಾದಿಯಲ್ಲ, ಯಾಜಕನಲ್ಲ. ಚಿನ್ನ, ಬೆಳ್ಳಿ, ಕಂಚು, ಕಲ್ಲು, ಮರದ ಕೆಲಸ ಬಲ್ಲ ಕುಶಲಕರ್ಮಿ. ಅದೇ ಗ್ರಂಥದಲ್ಲಿ ಆಡಿನ ಕೂದಲನ್ನು ನೂತು ಕೊಟ್ಟ ಹೆಂಗಸರ ಜಾಣ್ಮೆಯನ್ನೂ ಮರೆಯದೆ ಬರೆದಿಟ್ಟಿದ್ದಾರೆ. ಜೊಪ್ಪದ ತಬಿಥ ಸತ್ತಾಗ ವಿಧವೆಯರು ಪೇತ್ರರಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಅಂಗಿಗಳನ್ನು. ಆಕೆಯ ವರದಾನಕ್ಕೆ ಅಂಕಪಟ್ಟಿ ಬೇಕಾಗಲಿಲ್ಲ. ಮೈಮೇಲಿನ ಬಟ್ಟೆಯೇ ಸಾಕ್ಷಿ ನುಡಿಯಿತು.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಗುಡಿಗೆ ನೀವು ಹೋಗಿರಬಹುದು. ಗೋಡೆಯಿಂದ ಛಾವಣಿಯವರೆಗೆ ತುಂಬಿದ ಆ ಚಿತ್ರಗಳನ್ನು 1899ರ ಆಸುಪಾಸಿನಲ್ಲಿ ಬರೆದವರು ಇಟಲಿಯ ಬೆರ್ಗಮೊ ಸೀಮೆಯ ಅಂತೋನಿಯೊ ಮೊಸ್ಕೆನಿ. 1854ರಲ್ಲಿ ಹುಟ್ಟಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ಅವರು ಯೇಸುಸಭೆಯ ಸಹೋದರರಾಗಿದ್ದರೇ ಹೊರತು ಗುರುಪಟ್ಟ ಪಡೆದವರಲ್ಲ. ಬಲಿಪೂಜೆ ಅರ್ಪಿಸುವ ಅಧಿಕಾರ ಅವರಿಗಿರಲಿಲ್ಲ, ಪ್ರಬೋಧನೆಯ ಪೀಠ ಅವರದಾಗಿರಲಿಲ್ಲ. ಆ ಗುಡಿಯಲ್ಲಿ ನೂರಿಪ್ಪತ್ತು ವರ್ಷಗಳಿಂದ ಎಷ್ಟು ಗುರುಗಳು ಎಷ್ಟು ಪ್ರಬೋಧನೆ ಮಾಡಿದ್ದಾರೋ ಯಾರಿಗೂ ನೆನಪಿಲ್ಲ. ಆ ಸಹೋದರರ ಕುಂಚ ಮಾತ್ರ ಇಂದಿಗೂ ಮಾತನಾಡುತ್ತಿದೆ, ಕ್ರೈಸ್ತರಲ್ಲದವರೊಂದಿಗೂ.

ಇಲ್ಲೊಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು; ಗುರುಮಠದ ಪಾಠ ಎಂದು ಬೇಸರಿಸಬೇಡಿ. ದೃಢೀಕರಣ ಸಂಸ್ಕಾರಕ್ಕೆ ಮಕ್ಕಳು ಬಾಯಿಪಾಠ ಮಾಡುವ ಜ್ಞಾನ, ಧೈರ್ಯ, ಭಕ್ತಿ, ದೈವಭೀತಿ ಮೊದಲಾದ ಏಳು ವರಗಳು ಪ್ರವಾದಿ ಯೆಶಾಯನ ಗ್ರಂಥದಿಂದ ಬಂದವು. ಅವು ಪಡೆದವನನ್ನೇ ಪಾವನಗೊಳಿಸಲು. ಪೌಲರು ಹೇಳುವ ವರದಾನಗಳು ಬೇರೆ; ಅವು ಪಡೆದವನ ಮೂಲಕ ಇನ್ನೊಬ್ಬನಿಗೆ ತಲುಪಲು. ಅಂಚೆಯವನ ಚೀಲದಲ್ಲಿರುವ ಕಾಗದ ಅಂಚೆಯವನದಲ್ಲವಷ್ಟೆ. ಹಾಗಾದರೆ ಹುಟ್ಟಿನಿಂದ ಬಂದ ಪ್ರತಿಭೆಗೂ ವರದಾನಕ್ಕೂ ಏನು ಭೇದ ಎಂದು ಕೇಳುವಿರಿ. ಒಂದೇ ಕಂಠ ಕಚೇರಿಯಲ್ಲಿ ಚಪ್ಪಾಳೆ ಗಿಟ್ಟಿಸಬಹುದು, ಸಾವಿನ ಮನೆಯಲ್ಲಿ ಎದೆಯ ಕಲ್ಲನ್ನು ಕರಗಿಸಬಹುದು. ಕಂಠ ಬದಲಾಗಲಿಲ್ಲ. ಅದು ಯಾರ ಪಾಲಾಯಿತು ಎಂಬುದು ಬದಲಾಯಿತು. ನಿಸರ್ಗ ಕೊಟ್ಟದ್ದನ್ನು ಕೃಪೆ ಕಿತ್ತೆಸೆಯುವುದಿಲ್ಲ. ಅದರ ಮುಖವನ್ನು ಇನ್ನೊಬ್ಬರ ಕಡೆಗೆ ತಿರುಗಿಸುತ್ತದೆ.

ಈ ಮಾತು ಧರ್ಮಸಭೆಯಲ್ಲಿ ಜಗಳವಿಲ್ಲದೆ ಒಪ್ಪಿತವಾದದ್ದಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯಲ್ಲಿ, 1963ರ ಅಕ್ಟೋಬರಿನಲ್ಲಿ, ಪಲೇರ್ಮೊದ ಕಾರ್ಡಿನಲ್ ರುಫಿನಿಯವರು ವರದಾನಗಳು ಆದಿಸಭೆಯಲ್ಲಿ ಧಾರಾಳವಾಗಿದ್ದವು, ಆಮೇಲೆ ಬಲು ಅಪರೂಪವಾದವು ಎಂದು ವಾದಿಸಿದರು. ಅಕ್ಟೋಬರ್ 22ರಂದು ಬೆಲ್ಜಿಯಂನ ಕಾರ್ಡಿನಲ್ ಸ್ಯೂನೆನ್ಸರು ಎದ್ದು ನಿಂತು, ವರದಾನಗಳು ಹಿಂದಿನ ಕಾಲದ ಅಲಂಕಾರವಲ್ಲ, ಪ್ರತಿಯೊಂದು ಧರ್ಮಕ್ಷೇತ್ರದಲ್ಲೂ ಇಂದು ಜೀವಂತವಾಗಿವೆ ಎಂದು ಉತ್ತರಿಸಿದರು. ಮಾನವಕುಲದ ಅರ್ಧದಷ್ಟಿರುವ ಸ್ತ್ರೀಯರು ಈ ಸಭೆಯಲ್ಲಿ ಏಕಿಲ್ಲ ಎಂದು ಅಂದೇ ಕೇಳಿದವರೂ ಅವರೇ; ಮರುವರ್ಷ ಕೆಲವು ಸ್ತ್ರೀಯರು ಶ್ರೋತೃಗಳಾಗಿ ಬಂದರು. 1964ರ ನವೆಂಬರ್ 21ರಂದು ಹೊರಬಂದ 'ಲೂಮೆನ್ ಜೆಂಟಿಯುಂ' ಶಾಸನದ ಹನ್ನೆರಡನೆಯ ಪರಿಚ್ಛೇದ ಸ್ಯೂನೆನ್ಸರ ಪಕ್ಷದಲ್ಲಿ ನಿಂತಿತು. ಸಾದಾ ವರಗಳನ್ನೂ ಅಸಾಧಾರಣ ವರಗಳನ್ನೂ ಪವಿತ್ರಾತ್ಮರು ಎಲ್ಲ ದರ್ಜೆಯ ವಿಶ್ವಾಸಿಗಳಿಗೂ ಹಂಚುತ್ತಾರೆ, ಅಸಾಧಾರಣವಾದವುಗಳ ಬೆನ್ನು ಹತ್ತುವುದು ವಿವೇಕವಲ್ಲ, ಅವುಗಳ ನಿಜತನವನ್ನು ಪರೀಕ್ಷಿಸುವುದು ಹಿರಿಯರ ಹೊಣೆ ಎಂಬುದು ಅದರ ಸಾರ.

ವಾದ ಗೆದ್ದು ಅರವತ್ತು ವರ್ಷಗಳಾದವು. ಆಚರಣೆಯಲ್ಲಿ ಗೆದ್ದವರು ಯಾರು? ಈಗ ನನ್ನ ಸ್ವಂತ ವರ್ಗದ ಕಡೆಗೆ ಬರಲೇಬೇಕು.

1983ರ ಧರ್ಮಸಭಾ ಕಾನೂನು ಸಂಹಿತೆಯನ್ನು ತೆರೆದು ನೋಡಿ. 537ನೆಯ ನಿಯಮದಂತೆ ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು. ಪಾಲನಾ ಸಮಿತಿ ಮಾತ್ರ, 536ನೆಯ ನಿಯಮದಂತೆ, ಧರ್ಮಾಧ್ಯಕ್ಷರಿಗೆ ಸೂಕ್ತವೆಂದು ತೋರಿದರೆ. ಅದರ ಮತವೂ ಸಲಹೆಯ ಮತ ಮಾತ್ರ. ಹಣವನ್ನು ಒಬ್ಬ ಗುರುವಿನ ಕೈಗೆ ಬಿಡಬಾರದೆಂಬ ಎಚ್ಚರ ಕಾನೂನಿಗಿದೆ, ಒಳ್ಳೆಯದು. ಪವಿತ್ರಾತ್ಮರ ಕೊಡುಗೆಗಳನ್ನು ಮಾತ್ರ ಒಬ್ಬನ ಕೈಗೆ ಬಿಡಬಹುದೇ? 2024ರ ಅಕ್ಟೋಬರಿನಲ್ಲಿ ಮುಗಿದ ಸಿನೋದಿನ ಅಂತಿಮ ದಾಖಲೆ ಈ ಸಮಿತಿಗಳು ಕಡ್ಡಾಯವಾಗಬೇಕೆಂದು ಕೋರಿದೆ, ದಿವಂಗತ ಜಗದ್ಗುರು ಫ್ರಾನ್ಸಿಸರು ಅದಕ್ಕೆ ಅಂಕಿತವನ್ನೂ ಹಾಕಿದ್ದಾರೆ. 2021ರಲ್ಲಿ ವಾಚಕ ಮತ್ತು ಪೀಠಸೇವಕರ ಸೇವಾಪಟ್ಟವನ್ನು ಅವರು ಸ್ತ್ರೀಯರಿಗೂ ತೆರೆದರು. ಅದೇ ವರ್ಷ ಉಪದೇಶಿಗಳ ಸೇವೆಗೂ ಅಧಿಕೃತ ಸ್ಥಾನ ಕೊಟ್ಟರು. ಕಾಗದಗಳು ರೋಮಿನಿಂದ ಬರುತ್ತಲೇ ಇವೆ. ನಮ್ಮ ಸಮಿತಿಗಳ ಸಭೆಯ ನಡಾವಳಿ ಪುಸ್ತಕದಲ್ಲಿ ಏನಿರುತ್ತದೆ? ಹಬ್ಬದ ಪೆಂಡಾಲು, ಧ್ವನಿವರ್ಧಕದ ಬಾಡಿಗೆ, ವಂತಿಗೆ ಬಾಕಿ. ಶ್ರೀಸಾಮಾನ್ಯರು ನಮಗೆ ಬೇಕಾಗುವುದು ಕೈಗಳಾಗಿ, ಕಿಸೆಗಳಾಗಿ.

ನಾನು ಇದರಿಂದ ಹೊರತಲ್ಲ. ಇಪ್ಪತ್ತು ವರ್ಷಗಳ ಹಿಂದೆ, ಬೇರೊಂದು ಊರಿನಲ್ಲಿ, ನನ್ನ ಧರ್ಮಕೇಂದ್ರದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದ. ಯಾರ ಮನೆಯಲ್ಲಿ ಸಾವಾದರೂ ನನಗಿಂತ ಮೊದಲು ಅವನು ಅಲ್ಲಿರುತ್ತಿದ್ದ. ಅಳುವವರ ಪಕ್ಕ ಕೂರುವುದು, ಯಾವಾಗ ಸುಮ್ಮನಿರಬೇಕು, ಯಾವಾಗ ಒಂದು ಕೀರ್ತನೆ ಎತ್ತಬೇಕು ಎಂಬುದು ಅವನಿಗೆ ಯಾರೂ ಕಲಿಸದೆ ಬಂದಿತ್ತು. ಜನ ಅವನನ್ನು ಹುಡುಕತೊಡಗಿದರು. ಒಂದು ರಾತ್ರಿ ನಾನು ತಡವಾಗಿ ತಲುಪಿದಾಗ ಅವನೇ ಪ್ರಾರ್ಥನೆ ನಡೆಸುತ್ತಿದ್ದ. ಎಲ್ಲರೆದುರು, "ಗುರುಗಳು ಬರುವವರೆಗೆ ಕಾಯುವುದಕ್ಕೇನು? ನಿನಗೆ ಈ ಅಧಿಕಾರ ಕೊಟ್ಟವರಾರು?" ಎಂದುಬಿಟ್ಟೆ. ಅವನು ಏನೂ ಎದುರಾಡಲಿಲ್ಲ. "ತಪ್ಪಾಯ್ತು ಸ್ವಾಮಿ" ಎಂದು ಪುಸ್ತಕ ಮಡಿಸಿ ನನ್ನ ಕೈಗಿಟ್ಟ. ಅಂದಿನಿಂದ ಯಾವ ಸಾವಿನ ಮನೆಯಲ್ಲೂ ಅವನು ಬಾಯಿ ತೆರೆಯಲಿಲ್ಲ. ಹೊರಗೆ ದೀಪದ ವೈರು ಎಳೆದು ಹೋಗಿಬಿಡುತ್ತಿದ್ದ. ಅಧಿಕಾರ ಕೊಟ್ಟವರಾರೆಂದು ಕೇಳಿದೆನಲ್ಲ, ಉತ್ತರ ನನಗೆ ಗೊತ್ತಿರಬೇಕಾಗಿತ್ತು. ದೀಕ್ಷಾಸ್ನಾನದಲ್ಲಿ ಅವನ ನೆತ್ತಿಗೆ ಪರಿಮಳ ತೈಲ ಹಚ್ಚಿದವರು ನನ್ನಂತಹ ಒಬ್ಬ ಗುರುವೇ. ಆತ್ಮವನ್ನು ನಂದಿಸಬಾರದೆಂದು ಥೆಸಲೋನಿಕದವರಿಗೆ ಪೌಲರು ಬರೆದದ್ದನ್ನು ನಾನು ಎಷ್ಟೋ ಬಾರಿ ಓದಿದ್ದೆ. ಅಂದು ನಂದಿಸಿದವನು ನಾನು.

ನನ್ನ ಸಹೋದರ ಗುರುಗಳು ಕೇಳಬಹುದು: ಹೀಗೆ ಎಲ್ಲರಿಗೂ ಬಿಟ್ಟರೆ ಶಿಸ್ತೇನಾಗಬೇಕು? ನಾಳೆ ಒಬ್ಬ ಎದ್ದು ತನಗೆ ದರ್ಶನವಾಯಿತೆಂದರೆ? ನ್ಯಾಯವಾದ ಪ್ರಶ್ನೆ. ಪರೀಕ್ಷಿಸುವ ಹೊಣೆಯನ್ನು ಮಹಾಸಭೆಯೇ ಹಿರಿಯರಿಗೆ ಕೊಟ್ಟಿದೆ. ಆದರೆ ಪರೀಕ್ಷಿಸಬೇಕಾದರೆ ಮೊದಲು ಕಾಣಬೇಕು. ಚಿನಿವಾರ ಚಿನ್ನವನ್ನು ಉಜ್ಜಿ ನೋಡುವುದು ಬೆಲೆ ತಿಳಿಯಲು, ಬಿಸಾಡಲು ಅಲ್ಲ. ಆ ಎಲೆಕ್ಟ್ರಿಷಿಯನ್ನನನ್ನು ಕರೆದು, ನಾಲ್ಕು ಕೀರ್ತನೆ ಹೆಚ್ಚು ಕಲಿಸಿ, ಅವನು ತಪ್ಪಿದ್ದರೆ ಏಕಾಂತದಲ್ಲಿ ತಿದ್ದಿದ್ದರೆ ಅದು ಪರೀಕ್ಷೆ. ನಾನು ಮಾಡಿದ್ದು ಬೇರೆ. ಇನ್ನು, ಎಲ್ಲರಿಗೂ ವರದಾನವಿದ್ದರೆ ಗುರುಗಳೇಕೆ ಎಂಬ ಹೆದರಿಕೆ. ಗಾನವೃಂದದಲ್ಲಿ ಎಲ್ಲರೂ ಹಾಡಬಲ್ಲರೆಂದು ನಿರ್ದೇಶಕನನ್ನು ಯಾರೂ ಮನೆಗೆ ಕಳುಹಿಸುವುದಿಲ್ಲ. ಎಲ್ಲ ಸ್ವರವನ್ನೂ ತಾನೇ ಹಾಡಲು ಹೊರಟವನನ್ನು ಕಳುಹಿಸಬಹುದು.

ಗುರುಗಳೇ ಇಲ್ಲದಾಗ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಮಗ್ಗುಲ ಶ್ರೀರಂಗಪಟ್ಟಣಕ್ಕೆ 1784ರಲ್ಲಿ ಕರಾವಳಿಯ ಕಥೋಲಿಕರು ಸೆರೆಯಾಗಿ ಬಂದರು. ಅವರ ಗುರುಗಳು ಗಡಿಪಾರಾಗಿದ್ದರು. 1799ರಲ್ಲಿ ಬಿಡುಗಡೆಯಾಗಿ ಉಳಿದವರು ಊರಿಗೆ ಮರಳುವಾಗ ವಿಶ್ವಾಸವನ್ನೂ ಮರಳಿ ಒಯ್ದರು. ಇದನ್ನು ನಾನು ಯಾರ ಮೇಲಿನ ಹಗೆಗಾಗಿಯೂ ಹೇಳುತ್ತಿಲ್ಲ; ಆ ಹದಿನೈದು ವರ್ಷ ಮಕ್ಕಳಿಗೆ ಶಿಲುಬೆಯ ಗುರುತು ಕಲಿಸಿದವರು ಯಾರೆಂದು ಕೇಳುತ್ತಿದ್ದೇನೆ. ಅಜ್ಜಿಯರು, ತಾಯಂದಿರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಶ್ರೀಸಾಮಾನ್ಯರಿಗೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ವರದಾನವೆಂದರೆ ದೇವಾಲಯದ ಕಾಂಪೌಂಡಿನೊಳಗೆ ಏನಾದರೂ ಮಾಡುವುದು ಎಂದು ನೀವು ನಂಬಿಕೊಂಡಿದ್ದೀರಿ. ವಾಚನ ಓದಿದರೆ ವರದಾನ, ಕಾಣಿಕೆ ತಟ್ಟೆ ಹಿಡಿದರೆ ವರದಾನ. ಭಾನುವಾರದ ಒಂದು ಗಂಟೆಗೆ ಸಾಲುವಷ್ಟೇ ಕೊಡುವ ಜಿಪುಣರೇ ಪವಿತ್ರಾತ್ಮರು? ಬ್ಯಾಂಕಿನ ಕೌಂಟರಿನಲ್ಲಿ ಪಿಂಚಣಿಗೆ ಬಂದ ಅನಕ್ಷರಸ್ಥೆಯ ಚಲನ್ನನ್ನು ಗದರದೆ ಬರೆದುಕೊಡುವ ತಾಳ್ಮೆ ಎಲ್ಲರಿಗೂ ಬರುವುದಿಲ್ಲ. ಕುಡಿದು ಬಂದ ಅಣ್ಣ ತಮ್ಮಂದಿರ ಆಸ್ತಿ ಜಗಳವನ್ನು ಕೋರ್ಟಿಗೆ ಹೋಗದಂತೆ ಕೂರಿಸಿ ಮುಗಿಸುವ ನಾಲಗೆ ಎಲ್ಲರಿಗೂ ಇರುವುದಿಲ್ಲ. ಇವು ನಿಮ್ಮಲ್ಲಿದ್ದರೆ, ಅದು ನಿಮ್ಮ ಗುಣ ಎಂದು ಸುಮ್ಮನಾಗಬೇಡಿ. ಕೊಟ್ಟವನಿಗೆ ಲೆಕ್ಕ ಒಪ್ಪಿಸಬೇಕಾದ ಗಂಟು ಅದು. ತಲಾಂತನ್ನು ಹೂತಿಟ್ಟವನು ಅದನ್ನು ಕದ್ದಿರಲಿಲ್ಲ, ಕಳೆದಿರಲೂ ಇಲ್ಲ. ಆದರೂ ಯಜಮಾನ ಅವನನ್ನು ಹೊರಗಟ್ಟಿದನು.

ಮುಂದಿನ ತಿಂಗಳ ಕೂಟಕ್ಕೆ ದಟ್ಟಗಳ್ಳಿಗೆ ಹೋದಾಗ, ಆ ಯುವಕನ ಒಪ್ಪಿಗೆ ಪಡೆದು, ನಾನೇ ಬಿಳಿ ಹಾಳೆಗಳನ್ನು ಹಂಚಿದೆ. ನಿಮ್ಮ ಬಗ್ಗೆ ಬರೆಯಬೇಡಿ. ಇಲ್ಲಿ ಕುಳಿತಿರುವ ಇನ್ನೊಬ್ಬರಿಂದ ನಿಮಗೆ ಸಿಕ್ಕಿದ್ದನ್ನು ಬರೆಯಿರಿ ಎಂದೆ. ಬಹಳ ಹೊತ್ತು ಯಾರೂ ಬರೆಯಲಿಲ್ಲ. ಒಂದೇ ಬೀದಿಯಲ್ಲಿದ್ದರೂ ಅಷ್ಟು ಕಡಿಮೆ ಪರಿಚಯ. ಕೊನೆಗೆ ಹದಿಮೂರು ಚೀಟಿಗಳು ಬಂದವು. ಎಂಟರಲ್ಲಿ ಆ ತಾಯಿಯ ಹೆಸರಿತ್ತು. ಬ್ಯಾಂಕ್ ಮ್ಯಾನೇಜರರ ಹೆಸರು ಒಂದರಲ್ಲಿತ್ತು, ನಾಯಕತ್ವಕ್ಕಲ್ಲ. ರಾತ್ರಿ ಎರಡು ಗಂಟೆಗೆ ಕಾರು ತೆಗೆದು ಒಂದು ಮಗುವನ್ನು ಆಸ್ಪತ್ರೆಗೆ ಮುಟ್ಟಿಸಿದ್ದಕ್ಕೆ. ಅದನ್ನು ಓದುವಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಆ ತಾಯಿಗೆ ಹೊಗಳಿಕೆ ಹಿಡಿಸಲಿಲ್ಲ. ಎಲ್ಲ ಕೇಳಿಸಿಕೊಂಡು ಅವರು ಹೇಳಿದ್ದು ಇಷ್ಟೇ: "ಅದಿರ್ಲಿ ಫಾದರ್. ಮುಂದಿನ ತಿಂಗಳು ಮಗಳ ಬಾಣಂತನಕ್ಕೆ ಬೆಂಗಳೂರಿಗೆ ಹೋಗ್ಬೇಕು. ಆ ಅಜ್ಜಿನ ಬೆಳಿಗ್ಗೆ ಯಾರು ನೋಡ್ಕೋತೀರಿ?" ಶಾಲಾ ಶಿಕ್ಷಕಿ ಭಾನುವಾರ ಮತ್ತು ರಜಾದಿನ ತನ್ನದೆಂದರು. ಇನ್ನೊಬ್ಬರು ಮಂಗಳವಾರ, ಗುರುವಾರ ಒಪ್ಪಿಕೊಂಡರು. ಉಳಿದ ದಿನಗಳಿಗೆ ಯಾರೂ ಮಾತನಾಡಲಿಲ್ಲ. ಹಾಳೆ ತಂದಿದ್ದ ಯುವಕ ಸ್ವಲ್ಪ ಹೊತ್ತು ನೆಲ ನೋಡುತ್ತಿದ್ದು, ತನ್ನ ತಾಯಿಯ ಕಡೆ ತಿರುಗಿ, "ಅಮ್ಮ, ನೀನು ಹೋದ್ರೆ ಬೆಳಗ್ಗಿನ ತಿಂಡಿ ನಾನು ಮಾಡ್ತೀನಿ," ಎಂದ.